ಹಳದಿ ದೀಪದ ಹಿಂದಿನ ಚರಿತ್ರೆ

ಹತ್ತು ಹನ್ನೆರಡು ವರ್ಷ ಓಡಿದ ಒಂದು ಪೆಟ್ರೋಲ್ ಕಾರನ್ನು ಕಲ್ಪಿಸಿಕೊಳ್ಳಿ. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದುದು ಈಗ 11ಕ್ಕೆ ಇಳಿದಿದೆ. ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದರೆ 'ಪಿ0171' ಎಂಬ ಸಂಕೇತ ಬರುತ್ತದೆ. ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಇಂಧನ ಕಡಿಮೆಯಾಗಿದೆ ಎಂಬುದು ಇದರ ಅರ್ಥ. ವಿಚಿತ್ರವಲ್ಲವೆ? ಪೆಟ್ರೋಲನ್ನು ಹೆಚ್ಚು ಕುಡಿಯುತ್ತಿರುವ ಕಾರೇ ಪೆಟ್ರೋಲ್ ಸಾಲದು ಎನ್ನುತ್ತಿದೆ! ಆಕ್ಸಿಜನ್ ಸೆನ್ಸರ್ ಕೆಟ್ಟಿರಬೇಕೆಂದು ಹೊಸದನ್ನು ಹಾಕಿಸಿದರೆ ಒಂದೇ ವಾರದಲ್ಲಿ ದೀಪ ಮತ್ತೆ ಹತ್ತುತ್ತದೆ. ತಪ್ಪು ಎಲ್ಲಿದೆ? ಇದನ್ನು ತಿಳಿಯಲು ಆ ಸೆನ್ಸರ್ ಕಾರಿಗೆ ಏಕೆ ಬಂತು, ಅದು ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ನೋಡಬೇಕು.

ಹೊಗೆಮಂಜಿನಿಂದ ಆರಂಭ

1943ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರವನ್ನು ದಟ್ಟ ಹೊಗೆಮಂಜು ಕವಿಯಿತು. ಜನರಿಗೆ ಕಣ್ಣುರಿ, ಗಂಟಲು ಕೆರೆತ. ಯುದ್ಧದ ಕಾಲವಾದ್ದರಿಂದ ಇದು ಶತ್ರುಗಳ ವಿಷಾನಿಲವೇ ಇರಬೇಕೆಂದು ಹೆದರಿದವರೂ ಇದ್ದರು. ನಿಜವಾದ ಕಾರಣವನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆರಿ ಹಾಗನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳದ ರಾಸಾಯನಿಕಗಳನ್ನು ಅಭ್ಯಸಿಸುತ್ತಿದ್ದ ಈ ಜೀವರಸಾಯನ ವಿಜ್ಞಾನಿ ನಗರದ ಗಾಳಿಯನ್ನೂ ಪರೀಕ್ಷಿಸಿದರು. ವಾಹನಗಳಿಂದ ಹೊರಬರುವ ಹೈಡ್ರೊಕಾರ್ಬನ್‌ಗಳು ಮತ್ತು ನೈಟ್ರೊಜನ್ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಉಂಟಾಗುತ್ತದೆ ಎಂದು ತೋರಿಸಿದರು.

1970ರಲ್ಲಿ ಅಮೆರಿಕ ಕಟ್ಟುನಿಟ್ಟಾದ ವಾಯು ಸ್ವಚ್ಛತೆಯ ಕಾಯಿದೆಯನ್ನು ಜಾರಿಗೆ ತಂದಿತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್‌ಗಳಿಗೆ ಆಕ್ಸಿಜನ್ ಸೇರಿಸಬೇಕು. ನೈಟ್ರೊಜನ್ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಳ್ಳಬೇಕು. ಒಂದೇ ಕ್ರಿಯಾವರ್ಧಕದಿಂದ ಈ ಎರಡು ವಿರುದ್ಧ ಕೆಲಸಗಳೂ ಆಗಬೇಕಾದರೆ ಒಂದು ಷರತ್ತಿದೆ. 1 ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸೇರಬೇಕು. ಅನುಪಾತ ಸ್ವಲ್ಪ ಜಾರಿದರೂ ಒಂದು ಕೆಲಸ ಕೆಡುತ್ತದೆ. ಸಾಧಾರಣ ಕಾರ್ಬ್ಯುರೇಟರಿಗೆ ಇಷ್ಟು ನಿಖರತೆ ಸಾಧ್ಯವಿರಲಿಲ್ಲ. ಹೊಗೆಯನ್ನು ಅಳೆದು ಆ ಸುದ್ದಿಯನ್ನು ಎಂಜಿನ್ನಿಗೆ ಮರಳಿ ಮುಟ್ಟಿಸುವ ಸಾಧನವೊಂದು ಬೇಕಾಯಿತು.

ನೆರ್ನ್ಸ್ಟ್ ದೀಪದ ವಸ್ತು

ಅದಕ್ಕೆ ಬೇಕಾದ ವಸ್ತು ಆಗಲೇ ಇತ್ತು. 1890ರ ದಶಕದ ಕೊನೆಯಲ್ಲಿ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಜಿರ್ಕೋನಿಯಕ್ಕೆ ಇಟ್ರಿಯ ಬೆರೆಸಿದ ಕಡ್ಡಿಯಿಂದ ಒಂದು ವಿದ್ಯುದ್ದೀಪ ಮಾಡಿದ್ದರು. ತಣ್ಣಗಿದ್ದಾಗ ಆ ಕಡ್ಡಿ ವಿದ್ಯುತ್ ಹರಿಯಲು ಬಿಡದು, ಕಾಯಿಸಿದರೆ ಬಿಡುತ್ತದೆ. ಕಾಯಿಸಿದಾಗ ಅದರೊಳಗೆ ಆಕ್ಸಿಜನ್ ಅಯಾನುಗಳು ಒಂದು ಖಾಲಿ ಸ್ಥಾನದಿಂದ ಇನ್ನೊಂದಕ್ಕೆ ಸಾಗುತ್ತವೆ ಎಂಬುದನ್ನು 1943ರಲ್ಲಿ ಕಾರ್ಲ್ ವಾಗ್ನರ್ ವಿವರಿಸಿದರು.

ಈ ಪಿಂಗಾಣಿಯಂಥ ವಸ್ತುವಿನ ಒಂದು ಬದಿಗೆ ಹೊರಗಾಳಿ, ಇನ್ನೊಂದು ಬದಿಗೆ ಎಂಜಿನ್ ಹೊಗೆ ತಾಗುವಂತೆ ಮಾಡಿ, ಎರಡೂ ಬದಿಗೆ ಪ್ಲಾಟಿನಂ ಲೇಪಿಸಿದರೆ ಅದೇ ಆಕ್ಸಿಜನ್ ಸೆನ್ಸರ್. ನೆರ್ನ್ಸ್ಟ್ ಅವರದೇ ಸಮೀಕರಣ ಇಲ್ಲಿ ಅನ್ವಯಿಸುತ್ತದೆ. 700 ಕೆಲ್ವಿನ್ ಉಷ್ಣತೆಯಲ್ಲಿ ಹೊಗೆಯ ಆಕ್ಸಿಜನ್ನಿನ ಆಂಶಿಕ ಒತ್ತಡ ಹತ್ತನೇ ಒಂದಕ್ಕೆ ಇಳಿದ ಪ್ರತಿ ಸಲವೂ ವೋಲ್ಟೇಜ್ ಸುಮಾರು 0.035ರಷ್ಟು ಏರುತ್ತದೆ. ಇಂಧನ ತುಸು ಹೆಚ್ಚಾದರೆ ಸಾಕು, ಪ್ಲಾಟಿನಂ ಮೇಲೆ ಉಳಿಯುವ ಆಕ್ಸಿಜನ್ ಇಪ್ಪತ್ತಕ್ಕೂ ಹೆಚ್ಚು ಸಲ ಹೀಗೆ ಇಳಿಯುತ್ತದೆ. ಆದ್ದರಿಂದ ಸೆನ್ಸರಿನ ವೋಲ್ಟೇಜ್ ಸುಮಾರು 0.1ರಿಂದ 0.9ಕ್ಕೆ ಒಮ್ಮೆಲೇ ಜಿಗಿಯುತ್ತದೆ. 0.45 ವೋಲ್ಟಿಗಿಂತ ಹೆಚ್ಚಿದ್ದರೆ ಕಂಪ್ಯೂಟರ್ ಪೆಟ್ರೋಲನ್ನು ಕಡಿಮೆ ಮಾಡುತ್ತದೆ, ಕಡಿಮೆಯಿದ್ದರೆ ಹೆಚ್ಚಿಸುತ್ತದೆ. 1976ರಲ್ಲಿ ಬಾಷ್ ಕಂಪನಿಯ ಇಂಥ ಸೆನ್ಸರ್ ಅಮೆರಿಕಕ್ಕೆ ಹೋಗುವ ವೋಲ್ವೊ ಕಾರುಗಳಲ್ಲಿ ಬಂತು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದು ಕೆಲಸಮಾಡುವುದರಿಂದ ಮುಂದೆ ಅದರೊಳಗೇ ಹೀಟರ್ ಸೇರಿಸಲಾಯಿತು.

ಸಂಕೇತಗಳು ಬಂದದ್ದು

ಸೆನ್ಸರುಗಳು ಹೆಚ್ಚಿದಂತೆ ಅವು ಕೆಟ್ಟಾಗ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕ್ಯಾಲಿಫೋರ್ನಿಯ 1988ರ ಮಾದರಿಗಳಿಂದ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ದೀಪ ಹತ್ತಿಸಬೇಕೆಂದು ವಿಧಿಸಿತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಸಂಕೇತವಿತ್ತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ 16 ಪಿನ್ನುಗಳ ಒಂದೇ ಬಗೆಯ ಕನೆಕ್ಟರ್, ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದವು. ಇದೇ 'ಒಬಿಡಿ-2'.

ನಮ್ಮ ದೇಶದಲ್ಲಿ ಮೊದಲು ಸೀಸವನ್ನು ಬಿಡಬೇಕಾಯಿತು. ಸೀಸ ಬೆರೆತ ಪೆಟ್ರೋಲ್ ಕ್ರಿಯಾವರ್ಧಕವನ್ನೂ ಸೆನ್ಸರನ್ನೂ ಕೆಡಿಸುತ್ತದೆ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕ್ರಿಯಾವರ್ಧಕ ಬಂತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ದೊರೆಯಿತು. ಭಾರತ್ ಸ್ಟೇಜ್-2 ಮಿತಿಗಳು ಬೆಂಗಳೂರಿಗೆ 2003ರ ಏಪ್ರಿಲ್‌ನಲ್ಲಿ ಬಂದವು. ಒಬಿಡಿ ವ್ಯವಸ್ಥೆ ಭಾರತ್ ಸ್ಟೇಜ್-4ರ ಕಾರುಗಳಿಗೆ 2010ರಲ್ಲಿ, ಅದರ ಎರಡನೇ ಹಂತ 2013ರಲ್ಲಿ ಕಡ್ಡಾಯವಾಯಿತು. ಇದಕ್ಕೂ ಹಳೆಯ ಕಾರುಗಳಲ್ಲಿ ಸಾಮಾನ್ಯ ಸ್ಕ್ಯಾನರಿಗೆ ಉತ್ತರ ಸಿಗದಿದ್ದರೆ ಆಶ್ಚರ್ಯವಿಲ್ಲ.

ಸೆನ್ಸರ್ ಸುಳ್ಳು ಹೇಳಿತೆ?

ಈಗ ನಮ್ಮ ಪ್ರಶ್ನೆಗೆ ಬರೋಣ. ಸೆನ್ಸರ್ ಅಳೆಯುವುದು ಆಕ್ಸಿಜನ್ನನ್ನು, ಪೆಟ್ರೋಲನ್ನಲ್ಲ. ಸೆನ್ಸರಿಗಿಂತ ಮುಂಚೆ ಹೊಗೆ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಅದರ ಮೂಲಕ ಹೊರಗಾಳಿ ಒಳನುಗ್ಗುತ್ತದೆ. ಸೆನ್ಸರ್ ಆ ಆಕ್ಸಿಜನ್ನನ್ನೂ ಪ್ರಾಮಾಣಿಕವಾಗಿ ಅಳೆಯುತ್ತದೆ. ಇಂಧನ ಸಾಲದೆಂದು ತಿಳಿದು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಹೋಗುತ್ತದೆ. ಹೆಚ್ಚಿಸಬಹುದಾದ ಮಿತಿ ಮುಟ್ಟಿದಾಗ ಪಿ0171 ತೋರಿಸುತ್ತದೆ. ಹಳೆಯ ಸ್ಪಾರ್ಕ್ ಪ್ಲಗ್ಗಿನಿಂದ ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೂ ಹೀಗೆಯೇ. ಅಲ್ಲಿ ಬಳಕೆಯಾಗದೆ ಉಳಿದ ಆಕ್ಸಿಜನ್ ಸೆನ್ಸರನ್ನು ತಲುಪುತ್ತದೆ. ಎರಡೂ ಸಂದರ್ಭಗಳಲ್ಲಿ ಮೈಲೇಜ್ ಇಳಿಯುತ್ತದೆ, ಸೆನ್ಸರ್ ಮಾತ್ರ ಸರಿಯಾಗಿಯೇ ಇರುತ್ತದೆ.

ಕೆಲವೊಮ್ಮೆ ತಪ್ಪು ಬೇರೆ ಸೆನ್ಸರಿನದು. ಎಂಜಿನ್ ತಣಿಸುವ ನೀರಿನ ಉಷ್ಣತೆಯನ್ನು ಥರ್ಮಿಸ್ಟರ್ ಅಳೆಯುತ್ತದೆ. ಬಿಸಿಯಾದಂತೆ ಅದರ ರೋಧ ಇಳಿಯಬೇಕು. ಅದು ಕೆಟ್ಟು ರೋಧ ಹೆಚ್ಚಾಗಿಯೇ ಉಳಿದರೆ, ಎಂಜಿನ್ ಇನ್ನೂ ತಣ್ಣಗಿದೆ ಎಂದು ಭಾವಿಸಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದು ಥರ್ಮಿಸ್ಟರನ್ನು ಬಿಸಿನೀರಿನಲ್ಲಿಟ್ಟು, ನೀರು ಆರುತ್ತಿದ್ದಂತೆ ಮಲ್ಟಿಮೀಟರಿನಲ್ಲಿ ರೋಧವನ್ನು ಓದಿ ನಕ್ಷೆ ಬರೆಯಿಸಿ.

ಆದ್ದರಿಂದ ಕ್ರಮ ಹೀಗಿರಲಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಮೈಲೇಜನ್ನು ಲೆಕ್ಕಹಾಕಿ. ಟಯರಿನ ಒತ್ತಡ, ಬಿಗಿಹಿಡಿದ ಬ್ರೇಕ್, ಏರ್ ಫಿಲ್ಟರ್ ನೋಡಿ. ಇವುಗಳಿಂದಲೂ ಮೈಲೇಜ್ ಇಳಿಯಬಹುದು, ದೀಪ ಹತ್ತದೆಯೂ ಇರಬಹುದು. ಆಮೇಲೆ ಸಂಕೇತವನ್ನು ಬರೆದಿಟ್ಟುಕೊಂಡು ಸೋರಿಕೆ, ವೈರು, ಪ್ಲಗ್‌ಗಳನ್ನು ಪರೀಕ್ಷಿಸಿ. ಸೆನ್ಸರ್ ಬದಲಾಯಿಸುವುದು ಕೊನೆಗೆ. ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ. ಕಿಡಿ ತಪ್ಪಿ ಉರಿಯದ ಪೆಟ್ರೋಲ್ ಕ್ರಿಯಾವರ್ಧಕವನ್ನೇ ಸುಡಬಹುದು.

ಜ್ವರಮಾಪಕ 102 ಡಿಗ್ರಿ ತೋರಿಸಿದರೆ ನಾವು ಜ್ವರಮಾಪಕವನ್ನು ಬದಲಾಯಿಸುವುದಿಲ್ಲ. ಅಳತೆ ಬೇರೆ, ಅದರಿಂದ ನಾವು ಮಾಡುವ ತೀರ್ಮಾನ ಬೇರೆ. ಪ್ರಯೋಗಶಾಲೆಯಲ್ಲಿ ಕಲಿಸುವ ಈ ಪಾಠವನ್ನು ಹಳೆಯ ಕಾರೊಂದು ರಸ್ತೆಯಲ್ಲಿ ಮತ್ತೆ ನೆನಪಿಸುತ್ತದೆ.