ಬ್ಯಾಂಕಿನ ಸಂದೇಶಗಳು: ಅಪ್ಲಿಕೇಶನ್ ಸರ್ವರ್‌ನಲ್ಲಿ ಕ್ಯೂ ಮತ್ತು ಟಾಪಿಕ್‌ಗಳ ಸ್ಥಾಪನೆ

ಚೆನ್ನೈನ ಮಾಂಬಲದಲ್ಲಿರುವ ತಂದೆ ಉಡುಪಿಯಲ್ಲಿ ಓದುತ್ತಿರುವ ಮಗಳ ಖಾತೆಗೆ ನೆಫ್ಟ್ ಮೂಲಕ ಹಣ ಕಳುಹಿಸುತ್ತಾರೆ. ಆಗ ನಿಜಕ್ಕೂ ಪ್ರಯಾಣ ಮಾಡುವುದು ಹಣವಲ್ಲ, ಒಂದು ಸಂದೇಶ. ‘ಇಂಥವರ ಖಾತೆಯಿಂದ ಇಷ್ಟು ತೆಗೆದಿದೆ, ಇಂಥವರ ಖಾತೆಗೆ ಜಮಾ ಮಾಡಿ’ ಎಂಬುದೇ ಅದರ ಸಾರಾಂಶ. ಆ ಸಂದೇಶ ನಡುದಾರಿಯಲ್ಲಿ ಕಳೆದುಹೋದರೆ ತಂದೆಯ ಖಾತೆಯಲ್ಲಿ ಹಣ ಕಡಿಮೆಯಾಗಿರುತ್ತದೆ, ಮಗಳ ಖಾತೆಗೆ ಬಂದಿರುವುದಿಲ್ಲ. ಆದ್ದರಿಂದ ಸಂದೇಶಗಳನ್ನು ಎಲ್ಲಿ, ಹೇಗೆ ಕಾಯಿಸಬೇಕು ಎಂಬುದು ಕೇವಲ ಯಂತ್ರದ ಪ್ರಶ್ನೆಯಲ್ಲ, ಲೆಕ್ಕಪತ್ರದ ಪ್ರಶ್ನೆಯೂ ಹೌದು. ನಮ್ಮ ಸಂಘದ ಅನೇಕ ಮನೆಗಳ ಮಕ್ಕಳು ಹಳೆ ಮಹಾಬಲಿಪುರಂ ರಸ್ತೆಯ ತಂತ್ರಾಂಶ ಕಂಪನಿಗಳಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಹಿರಿಯರಿಗೂ ಇದರ ಪರಿಚಯವಿರಲಿ ಎಂಬ ಉದ್ದೇಶದಿಂದ ಈ ಲೇಖನ. ಕಲಾ ಪದವಿ ಪಡೆದು ಬ್ಯಾಂಕು ಸೇರಿದ ನಾನು ಇದನ್ನು ಕಲಿತದ್ದು ವೋಚರ್ ಮತ್ತು ಟಪಾಲು ಪುಸ್ತಕಗಳ ಹೋಲಿಕೆಯಿಂದಲೇ.

ಬ್ಯಾಂಕುಗಳ ನಡುವಿನ ಸಂದೇಶಗಳಿಗಾಗಿ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯು 2001ರ ಡಿಸೆಂಬರ್‌ನಲ್ಲಿ ಎಸ್‌ಎಫ್‌ಎಂಎಸ್ ವ್ಯವಸ್ಥೆಯನ್ನು ಆರಂಭಿಸಿತು. 2004ರ ಮಾರ್ಚ್‌ನಲ್ಲಿ ಆರ್‌ಟಿಜಿಎಸ್, 2005ರ ನವೆಂಬರ್‌ನಲ್ಲಿ ನೆಫ್ಟ್ ಬಂದವು. ಮೊದಲು ಇವಕ್ಕೆಲ್ಲ ಕೆಲಸದ ವೇಳೆ ಎಂಬುದಿತ್ತು. 2019ರ ಡಿಸೆಂಬರ್ 16ರಿಂದ ನೆಫ್ಟ್, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತಿವೆ. ರಾತ್ರಿ ಎಲ್ಲವನ್ನೂ ನಿಲ್ಲಿಸಿ ದುರಸ್ತಿ ಮಾಡುವ ಕಾಲ ಹೋಯಿತು. ಒಂದು ತಂತ್ರಾಂಶ ನಿಂತಿದ್ದರೂ ಅದಕ್ಕೆ ಬರಬೇಕಾದ ಸಂದೇಶ ಎಲ್ಲೋ ಸುರಕ್ಷಿತವಾಗಿ ಕಾಯುತ್ತಿರಬೇಕು. ಬ್ಯಾಂಕಿನ ಒಳಗೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಕ್ಯೂ ಮತ್ತು ಟಾಪಿಕ್‌ಗಳು ಆ ಕಾಯುವ ಸ್ಥಳಗಳು.

ಕ್ಯೂ ಎಂದರೆ ರಿಜಿಸ್ಟರ್ಡ್ ಅಂಚೆಯಿದ್ದಂತೆ. ಒಂದು ಸಂದೇಶಕ್ಕೆ ಒಬ್ಬನೇ ಸ್ವೀಕರಿಸುವವನು. ಒಂದೇ ಟ್ರೇಯಿಂದ ನಾಲ್ವರು ಗುಮಾಸ್ತರು ವೋಚರ್ ಎತ್ತಿಕೊಳ್ಳಬಹುದು, ಆದರೆ ಒಂದು ವೋಚರ್ ಒಬ್ಬರ ಕೈಗೆ ಮಾತ್ರ ಹೋಗುತ್ತದೆ. ಟಾಪಿಕ್ ಎಂದರೆ ಸಂಘದ ಸುತ್ತೋಲೆ. ಚಂದಾದಾರರಾದ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ಇಲ್ಲಿ ಒಂದು ತೊಡಕಿದೆ: ಸಾಮಾನ್ಯ ಚಂದಾದಾರನು ಆ ಹೊತ್ತಿಗೆ ಸಂಪರ್ಕದಲ್ಲಿಲ್ಲದಿದ್ದರೆ ಅವನ ಪ್ರತಿ ಅವನಿಗೆ ಸಿಗುವುದೇ ಇಲ್ಲ. ‘ಡ್ಯೂರಬಲ್’ ಅಂದರೆ ಸ್ಥಿರ ಚಂದಾ ಮಾಡಿಸಿಕೊಂಡವನ ಪ್ರತಿಯನ್ನು ಮಾತ್ರ ಅವನು ಮರಳುವವರೆಗೆ ತೆಗೆದಿರಿಸಲಾಗುತ್ತದೆ.

ಹಣ ಪಾವತಿಯ ಸಂದೇಶವು ಕ್ಯೂಗೆ ಸೇರತಕ್ಕದ್ದು. ಟಾಪಿಕ್‌ನಲ್ಲಿ ಹಾಕಿ ಇಬ್ಬರು ಸ್ವೀಕರಿಸಿದರೆ ಎರಡು ಬಾರಿ ಜಮಾ ಆಗಬಹುದು. ಟಾಪಿಕ್‌ಗೆ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯ ಬ್ಯಾಂಕುಗಳಲ್ಲೇ ಸಿಗುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಸಿಂಡಿಕೇಟ್ ಶಾಖೆಗಳ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ರದ್ದಾದವು. ಇಂಥ ಬದಲಾವಣೆ ಠೇವಣಿ, ಸಾಲ, ಪಿಂಚಣಿ, ಇಂಟರ್ನೆಟ್ ಬ್ಯಾಂಕಿಂಗ್ ಹೀಗೆ ಪ್ರತಿ ತಂತ್ರಾಂಶಕ್ಕೂ ತಲುಪಬೇಕು. ಪಿಂಚಣಿ ತಂತ್ರಾಂಶ ಆ ಹೊತ್ತಿನಲ್ಲಿ ನಿಂತಿದ್ದು, ಅದಕ್ಕೆ ಸ್ಥಿರ ಚಂದಾ ಇಲ್ಲದಿದ್ದರೆ ಅದು ಹಳೆಯ ಸಂಕೇತಕ್ಕೇ ಹಣ ಕಳುಹಿಸುತ್ತಿರುತ್ತದೆ.

ಈಗ ಸ್ಥಾಪನೆಯ ಕ್ರಮ. ಜಾವಾ ಲೋಕದಲ್ಲಿ ಇದಕ್ಕೆ ಜೆಎಂಎಸ್ ಎಂಬ ನಿಯಮಾವಳಿ 1998ರಿಂದ ಇದೆ. ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಗ್ಲಾಸ್‌ಫಿಶ್ ಇವೆಲ್ಲ ಅದನ್ನು ಅನುಸರಿಸುತ್ತವೆ. ಇಲ್ಲಿ ವೆಬ್‌ಲಾಜಿಕ್‌ನ ಕ್ರಮವನ್ನು ಹೇಳುತ್ತೇನೆ. ಆವೃತ್ತಿಗೆ ತಕ್ಕಂತೆ ಪರದೆಗಳು ಬದಲಾಗುತ್ತವೆ, ತತ್ತ್ವ ಬದಲಾಗುವುದಿಲ್ಲ.

ಮೊದಲು ‘ಪರ್ಸಿಸ್ಟೆಂಟ್ ಸ್ಟೋರ್’, ಅಂದರೆ ಸಂದೇಶಗಳನ್ನು ಬರೆದಿಡುವ ದಾಸ್ತಾನು. ಇದು ಡಿಸ್ಕಿನ ಕಡತವಾಗಿರಬಹುದು ಅಥವಾ ದತ್ತಸಂಚಯದ ಕೋಷ್ಟಕವಾಗಿರಬಹುದು. ಕಡತವಾದರೆ, ಒಂದು ಯಂತ್ರ ಕೆಟ್ಟಾಗ ಇನ್ನೊಂದು ಅದನ್ನು ತೆರೆಯುವಂತೆ ಹಂಚಿಕೆಯ ಡಿಸ್ಕಿನಲ್ಲಿ ಇಡುವುದು ಲೇಸು. ನಂತರ ಆ ಸ್ಟೋರನ್ನು ಬಳಸುವ ಜೆಎಂಎಸ್ ಸರ್ವರ್. ಆಮೇಲೆ ಜೆಎಂಎಸ್ ಮಾಡ್ಯೂಲ್, ಅದರೊಳಗೆ ಕನೆಕ್ಷನ್ ಫ್ಯಾಕ್ಟರಿ, ಕ್ಯೂ ಮತ್ತು ಟಾಪಿಕ್‌ಗಳು. ಪ್ರತಿಯೊಂದಕ್ಕೂ ಒಂದು ಜೆಎನ್‌ಡಿಐ ಹೆಸರು ಕೊಡಬೇಕು. ತಂತ್ರಾಂಶ ಆ ಹೆಸರಿನಿಂದಲೇ ಹುಡುಕುತ್ತದೆ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವಾದರೂ ‘ಹೆಸರು ಸಿಗಲಿಲ್ಲ’ ಎಂಬ ದೂರು ಬರುತ್ತದೆ. ಕೊನೆಗೆ ‘ಸಬ್‌ಡಿಪ್ಲಾಯ್‌ಮೆಂಟ್’ ಮೂಲಕ ಕ್ಯೂವನ್ನು ಜೆಎಂಎಸ್ ಸರ್ವರಿಗೆ ಸೇರಿಸಬೇಕು. ಹೊಸಬರು ಮರೆಯುವುದು ಸಾಮಾನ್ಯವಾಗಿ ಇದನ್ನೇ.

ಕನೆಕ್ಷನ್ ಫ್ಯಾಕ್ಟರಿಯಲ್ಲಿ ‘ಎಕ್ಸ್‌ಎ’ ಎಂಬ ಆಯ್ಕೆಯಿದೆ. ಖಾತೆಯಿಂದ ಹಣ ತೆಗೆಯುವ ನಮೂದು ದತ್ತಸಂಚಯದಲ್ಲಿ ಆಗುತ್ತದೆ, ಸಂದೇಶ ಕ್ಯೂಗೆ ಹೋಗುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಡೆಬಿಟ್‌ಗೆ ತಕ್ಕ ಕ್ರೆಡಿಟ್ ಇರಬೇಕೆಂಬ ನಮ್ಮ ಹಳೆಯ ಪಾಠವನ್ನೇ ಯಂತ್ರಕ್ಕೆ ಹೇಳಿಕೊಡುವ ಆಯ್ಕೆ ಇದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಮರುರವಾನೆಯ ಮಿತಿ. ಸ್ವೀಕರಿಸುವ ತಂತ್ರಾಂಶ ಸಂದೇಶವನ್ನು ಅರಗಿಸಿಕೊಳ್ಳಲಾಗದೆ ಹಿಂತಿರುಗಿಸಿದರೆ ಅದು ಮತ್ತೆ ಕ್ಯೂಗೆ ಬರುತ್ತದೆ. ಮಿತಿ ಹಾಕದಿದ್ದರೆ ಅದೊಂದೇ ಸಂದೇಶ ಕೊನೆಯಿಲ್ಲದೆ ತಿರುಗುತ್ತಿರುತ್ತದೆ. ಮಿತಿ ಹಾಕಿ, ಕೆಟ್ಟ ಸಂದೇಶ ಎಲ್ಲಿಗೆ ಹೋಗಬೇಕೆಂದು ತಿಳಿಸದಿದ್ದರೆ ಇನ್ನೂ ಅಪಾಯ: ಮಿತಿ ಮುಟ್ಟಿದ ಸಂದೇಶವನ್ನು ಸರ್ವರ್ ಅಳಿಸಿಹಾಕುತ್ತದೆ. ಡಿಸ್ಕಿನಲ್ಲಿ ಬರೆದಿಟ್ಟ ಸಂದೇಶಕ್ಕೂ ವಿನಾಯಿತಿಯಿಲ್ಲ.

ಇದನ್ನು ಕಣ್ಣಾರೆ ಕಂಡಿದ್ದೇನೆ. ಕಚೇರಿಯ ಹೆಸರು ಬೇಡ. ಅಲ್ಲಿ ಮಿತಿಯನ್ನು 5 ಎಂದು ಇಟ್ಟಿದ್ದರು, ದೋಷ ಸಂದೇಶಗಳಿಗೆ ಬೇರೆ ಕ್ಯೂ ಇರಲಿಲ್ಲ. ಒಬ್ಬ ಮಹಿಳೆ ಮಗನ ಕಾಲೇಜು ಶುಲ್ಕವನ್ನು ಒಂದು ಸಂಸ್ಥೆಯ ಖಾತೆಗೆ ಕಳುಹಿಸಿದ್ದರು. ಆ ಸಂಸ್ಥೆಯ ಹೆಸರಿನಲ್ಲಿ ಇಂಗ್ಲಿಷಿನವರು ‘ಮತ್ತು’ ಎಂಬುದಕ್ಕೆ ಬಳಸುವ ಚಿಹ್ನೆಯಿತ್ತು. ಆ ಚಿಹ್ನೆಯನ್ನು ಮುಂದಿನ ತಂತ್ರಾಂಶ ಓದಲಾರದೆ ಹೋಯಿತು. ಐದು ಬಾರಿ ಹೋಗಿಬಂದು ಸಂದೇಶ ಇಲ್ಲವಾಯಿತು. ಆಕೆಯ ಖಾತೆಯಿಂದ ಹಣ ಹೋಗಿತ್ತು, ಶುಲ್ಕ ಕಟ್ಟುವ ಕೊನೆಯ ದಿನ ಮರುದಿನವೇ ಇತ್ತು. “ಸಾರ್, ದುಡ್ಡು ಎಲ್ಲಿದೆ ಅಂತಾದರೂ ಹೇಳಿ” ಎಂದು ಆಕೆ ಕೌಂಟರಿನಲ್ಲಿ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಸಂಜೆ ಡೆಬಿಟ್ ಪಟ್ಟಿಯನ್ನೂ ಹೊರಹೋದ ಸಂದೇಶಗಳ ಪಟ್ಟಿಯನ್ನೂ ಎದುರುಬದುರು ಇಟ್ಟು ತಾಳೆ ನೋಡಿದ ಮೇಲೆಯೇ ವಿಷಯ ಬಯಲಾಯಿತು. ಮರುದಿನ ಬೆಳಿಗ್ಗೆ ಹಣ ಹೋಯಿತು.

ಅಂದಿನಿಂದ ಪ್ರತಿ ಕ್ಯೂಗೂ ಜೊತೆಯಾಗಿ ಒಂದು ದೋಷ ಕ್ಯೂ ಇರಲೇಬೇಕೆಂದು ಹಠ ಹಿಡಿದಿದ್ದೇನೆ. ಅದು ನಮ್ಮ ಸಸ್ಪೆನ್ಸ್ ಖಾತೆಯಂತೆ. ದಿನಕ್ಕೆ ಎರಡು ಬಾರಿಯಾದರೂ ಅದನ್ನು ತೆರೆದು ನೋಡುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ಒಪ್ಪಿಸಬೇಕು. ನೆಫ್ಟ್‌ನಲ್ಲಿ ಒಂದು ತಂಡದ ಇತ್ಯರ್ಥವಾದ ಎರಡು ಗಂಟೆಯೊಳಗೆ ಹಣ ಜಮಾ ಆಗಬೇಕು ಅಥವಾ ಹಿಂದಿರುಗಬೇಕು. ತಪ್ಪಿದರೆ ರೆಪೊ ದರಕ್ಕೆ ಶೇಕಡಾ 2 ಸೇರಿಸಿ ಗ್ರಾಹಕರಿಗೆ ಬಡ್ಡಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಸಂದೇಶ ಎರಡು ಬಾರಿ ಬರುವ ಸಾಧ್ಯತೆಯೂ ಉಂಟು. ಜಮಾ ಮಾಡಿದ ತಂತ್ರಾಂಶ ‘ತಲುಪಿತು’ ಎಂದು ಹೇಳುವ ಮೊದಲೇ ಕೆಟ್ಟುನಿಂತರೆ ಸರ್ವರ್ ಅದನ್ನೇ ಮತ್ತೆ ಕಳುಹಿಸಬಹುದು. ಪ್ರತಿ ಪಾವತಿಗೂ ಇರುವ ಯುಟಿಆರ್ ಸಂಖ್ಯೆಯನ್ನು (ಆರ್‌ಟಿಜಿಎಸ್‌ನಲ್ಲಿ ಅದು 22 ಅಕ್ಷರಗಳದ್ದು) ನೋಡಿ, ಈಗಾಗಲೇ ಜಮಾ ಆಗಿದ್ದರೆ ಬಿಟ್ಟುಬಿಡುವಂತೆ ತಂತ್ರಾಂಶವನ್ನು ಬರೆಯಬೇಕು.

ಎಲ್ಲ ಸಿದ್ಧವಾದ ಮೇಲೆ ಮಾಡಬೇಕಾದ ಪರೀಕ್ಷೆ ಸರಳ. ಸ್ವೀಕರಿಸುವ ತಂತ್ರಾಂಶವನ್ನು ನಿಲ್ಲಿಸಿ ಹತ್ತು ಸಂದೇಶಗಳನ್ನು ಕ್ಯೂಗೆ ಹಾಕಿ. ಸರ್ವರನ್ನೇ ಬಂದ್ ಮಾಡಿ ಮತ್ತೆ ಆರಂಭಿಸಿ, ಆಮೇಲೆ ತಂತ್ರಾಂಶವನ್ನು ಚಾಲೂ ಮಾಡಿ ಎಣಿಸಿ. ಒಂಬತ್ತೇ ಬಂದರೆ ಸ್ಟೋರ್‌ನಿಂದ ಮೊದಲುಗೊಂಡು ಎಲ್ಲವನ್ನೂ ಮತ್ತೆ ನೋಡಬೇಕು. ಹನ್ನೊಂದು ಬಂದರೂ ಹಾಗೆಯೇ.