1956ರ ಚಿನ್ನದ ಲೆಕ್ಕ: ಕೋಲಾರ ಮತ್ತು ರಿಸರ್ವ್ ಬ್ಯಾಂಕಿನ ಮೀಸಲು

ಕೋಲಾರ ಚಿನ್ನದ ಗಣಿಗಳ ಇತಿಹಾಸ ಬರೆದ ಹಿರಿಯರೊಬ್ಬರ ವಾದ ಹೀಗಿದೆ: 1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು, ಅದೇ ವರ್ಷ ರಿಸರ್ವ್ ಬ್ಯಾಂಕಿನ ಚಿನ್ನದ ಮೀಸಲು 40.02 ಕೋಟಿ ರೂಪಾಯಿಯಿಂದ 117.76 ಕೋಟಿಗೆ ಏರಿತು. ಆದ್ದರಿಂದ ದೇಶದ ಮೀಸಲನ್ನು ತುಂಬಿದ್ದು ಕೋಲಾರ. ಅಂಕಿಗಳೆರಡೂ ಸರಿ, ವರ್ಷವೂ ಸರಿ, ತೀರ್ಮಾನ ಮಾತ್ರ ತಪ್ಪು. ಮೂಲವನ್ನು ತೆರೆದು ನೋಡದೆ ಇದನ್ನೇ ಎತ್ತಿಕೊಂಡು ಬರೆದವರ ಬಗ್ಗೆ ನನಗೆ ಸಹನೆ ಕಡಿಮೆ. ಹಿರಿಯರ ವಿಷಯ ಬೇರೆ. ಗಣಿ ಕಾರ್ಮಿಕರ ಬದುಕಿನ ಬಗ್ಗೆ ಅವರು ಬರೆದ ಪುಟಗಳನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ.

ಈ ಪ್ರಶ್ನೆಯನ್ನು ಬಗೆಹರಿಸುವ ದಾಖಲೆ ಗುಪ್ತವಾದದ್ದೇನಲ್ಲ. ನೋಟು ಹೊರಡಿಸುವ ವಿಭಾಗದ ಲೆಕ್ಕವನ್ನು ರಿಸರ್ವ್ ಬ್ಯಾಂಕ್ ವಾರವಾರವೂ ಪ್ರಕಟಿಸುತ್ತಿತ್ತು. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಗ್ರಂಥಾಲಯದಲ್ಲಿ ಕೂತು ಹಳೆಯ ಬುಲೆಟಿನ್ ತಿರುವಿದವರಿಗೆ ಈ ಪಟ್ಟಿಗಳು ಪರಿಚಿತ: ಒಂದು ಸಾಲು ಚಿನ್ನಕ್ಕೆ, ಒಂದು ಸಾಲು ವಿದೇಶಿ ಭದ್ರತಾಪತ್ರಗಳಿಗೆ. ವರ್ಷಾಂತ್ಯದ ಮೊತ್ತವನ್ನಷ್ಟೇ ನೋಡುವವರಿಗೆ ಏರಿಕೆ ಯಾವ ವಾರದ್ದೆಂದು ತಿಳಿಯುವುದಿಲ್ಲ. ವಾರದ ಲೆಕ್ಕ ಅದನ್ನು ತೋರಿಸುತ್ತದೆ. ಅಕ್ಟೋಬರ್ ಮೊದಲ ವಾರದವರೆಗೆ ಚಿನ್ನದ ಸಾಲಿನಲ್ಲಿ 40.02 ಕೋಟಿ, ಅದರ ಮುಂದಿನ ವಾರ 117.76 ಕೋಟಿ. ನಡುವೆ ಬಂದದ್ದು 1956ರ ಅಕ್ಟೋಬರ್ 6, ರಿಸರ್ವ್ ಬ್ಯಾಂಕ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನ.

1934ರ ಮೂಲ ಕಾಯ್ದೆಯ 33ನೇ ಕಲಮಿನ ಪ್ರಕಾರ ಬ್ಯಾಂಕು ತನ್ನ ಚಿನ್ನಕ್ಕೆ ಬೆಲೆ ಕಟ್ಟಬೇಕಾಗಿದ್ದದ್ದು ರೂಪಾಯಿಗೆ 8.47512 ಗ್ರೇನ್ ಅಪ್ಪಟ ಚಿನ್ನದಂತೆ. ತೊಲಕ್ಕೆ 180 ಗ್ರೇನ್. ಅಂದರೆ ತೊಲಕ್ಕೆ 21 ರೂಪಾಯಿ 3 ಆಣೆ 10 ಪೈ. ತಿದ್ದುಪಡಿ ಈ ದರವನ್ನು ರೂಪಾಯಿಗೆ 2.88 ಗ್ರೇನಿಗೆ ಇಳಿಸಿತು. ಆಗ ತೊಲಕ್ಕೆ 62 ರೂಪಾಯಿ 8 ಆಣೆ. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಔನ್ಸಿಗೆ 35 ಡಾಲರ್ ದರಕ್ಕೆ ಸರಿಹೊಂದುವ ಬೆಲೆ. ಈಗ 40.02 ಕೋಟಿಯನ್ನು 8.47512ರಿಂದ ಗುಣಿಸಿ 2.88ರಿಂದ ಭಾಗಿಸಿ ನೋಡಿ: 117.77 ಕೋಟಿ ಬರುತ್ತದೆ. ಪ್ರಕಟವಾದದ್ದು 117.76. ಈ ಒಂದು ಲಕ್ಷದ ವ್ಯತ್ಯಾಸಕ್ಕೆ ಕಾರಣ ಪ್ರಕಟವಾದ ಅಂಕಿಗಳು ಎರಡು ದಶಾಂಶಕ್ಕೆ ಸೀಮಿತವಾಗಿರುವುದು. ಒಂದು ರಾಶಿ ರಾಗಿಯನ್ನು ಬಳ್ಳದಲ್ಲಿ ಅಳೆದು ಮತ್ತೆ ಸೇರಿನಲ್ಲಿ ಅಳೆದರೆ ಎಣಿಕೆ ಹೆಚ್ಚುತ್ತದೆ, ರಾಶಿ ಹೆಚ್ಚುವುದಿಲ್ಲ. ಎರಡೂ ವಾರಗಳಲ್ಲಿ ಬ್ಯಾಂಕಿನಲ್ಲಿದ್ದದ್ದು ಸುಮಾರು 220 ಟನ್ ಚಿನ್ನವೇ.

ಕೋಲಾರದ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡದ್ದು 1956ರ ನವೆಂಬರ್ 28ರಂದು. ಅಷ್ಟರಲ್ಲಿ ಬ್ಯಾಂಕಿನ ಪುಸ್ತಕದಲ್ಲಿ ಹೊಸ ಮೊತ್ತ ಬರೆದು ಏಳು ವಾರ ಕಳೆದಿತ್ತು. ಅಲ್ಲದೆ ವಹಿಸಿಕೊಂಡದ್ದು ರಾಜ್ಯ, ಕೇಂದ್ರವಲ್ಲ. ಗಣಿಗಳು ಕೇಂದ್ರದ ಕೈಸೇರಿದ್ದು 1962ರ ಡಿಸೆಂಬರ್ 1ರಂದು.

ರಾಷ್ಟ್ರೀಕರಣಕ್ಕೆ ಮೊದಲೇ, ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯಿಂದ ಚಿನ್ನ ಹೋಗಿರಬಹುದಲ್ಲ ಎಂದು ವಾದಿಸುವವರಿಗೂ ತೂಕವೇ ಉತ್ತರ. ಏರಿದ 77.74 ಕೋಟಿಯನ್ನು ಹೊಸ ದರದಲ್ಲಿ ತೂಕಕ್ಕೆ ತಂದರೆ 145 ಟನ್ ಆಗುತ್ತದೆ. ಆ ದಶಕದಲ್ಲಿ ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಗಣಿಗಳೆಲ್ಲ ಸೇರಿ ವರ್ಷಕ್ಕೆ ಕೊಡುತ್ತಿದ್ದದ್ದು ಆರೇಳು ಟನ್. ಇಪ್ಪತ್ತು ವರ್ಷದ ಉತ್ಪತ್ತಿ ಒಂದು ವಾರದಲ್ಲಿ ಮುಂಬಯಿಗೆ ಹೋಗಿರಲು ಸಾಧ್ಯವಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ನಂತರದ ಆರ್ಥಿಕ ಸಮೀಕ್ಷೆಗಳ ಪಟ್ಟಿಯಲ್ಲಿ 1950-51ರ ಸಾಲಿಗೂ ಚಿನ್ನ 118 ಕೋಟಿ ಎಂದೇ ಇದೆ. ಹಳೆಯ ವರ್ಷಗಳಿಗೂ ಹೊಸ ಬೆಲೆಯನ್ನೇ ಕಟ್ಟಿದ್ದಾರೆ. ಆಗಿನ ವರದಿಯ 40.02ನ್ನು ಒಂದು ಕಡೆಯಿಂದ, ನಂತರದ ಪಟ್ಟಿಯ 118ನ್ನು ಇನ್ನೊಂದು ಕಡೆಯಿಂದ ತೆಗೆದುಕೊಂಡವರು ತಮಗೆ ಬೇಕಾದ ವರ್ಷದಲ್ಲಿ ಏರಿಕೆ ತೋರಿಸಬಹುದು. ಹಾಗೆ ತೋರಿಸಿಯೂ ಇದ್ದಾರೆ. ಇದನ್ನು ಸಂಶೋಧನೆ ಎನ್ನಲು ನನ್ನಿಂದ ಆಗದು.

ನಿಜವಾಗಿ ಬದಲಾದದ್ದು ಪಕ್ಕದ ಸಾಲು. ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳ ಆಮದಿಗೆ ವಿದೇಶಿ ಹಣ ನೀರಿನಂತೆ ಹರಿಯಿತು: 1955-56ರ ಕೊನೆಗಿದ್ದ 785 ಕೋಟಿ ಎರಡೇ ವರ್ಷದಲ್ಲಿ 303 ಕೋಟಿಗೆ ಇಳಿಯಿತು. ಕಾಯ್ದೆಯ ಕಟ್ಟುಪಾಡೂ ಅದರ ಜೊತೆಗೇ ಸಡಿಲಗೊಂಡಿತು. ಹಳೆಯ ಕಾಯ್ದೆಯಲ್ಲಿ ನೋಟಿನ ಬೆಂಬಲಕ್ಕೆ ಶೇಕಡಾ 40ರಷ್ಟು ಚಿನ್ನ ಮತ್ತು ವಿದೇಶಿ ಪತ್ರಗಳು ಇರಬೇಕಿತ್ತು. 1956ರ ತಿದ್ದುಪಡಿ ಆ ಪ್ರಮಾಣವನ್ನು ಕೈಬಿಟ್ಟು 115 ಕೋಟಿ ಚಿನ್ನ, 400 ಕೋಟಿ ವಿದೇಶಿ ಪತ್ರ ಎಂಬ ಕನಿಷ್ಠ ಮಿತಿ ಹಾಕಿತು. ಮರುವರ್ಷ ಒಟ್ಟು 200 ಕೋಟಿ ಸಾಕು, ಅದರಲ್ಲಿ ಚಿನ್ನ 115 ಕೋಟಿ ಇರಲಿ ಎಂದಾಯಿತು. ಚಿನ್ನದ ಬೆಲೆಯನ್ನು ಏರಿಸಿದ್ದನ್ನು ಈ ಸಡಿಲಿಕೆಯ ಭಾಗವಾಗಿಯೇ ಓದಬೇಕು. ಗಣಿಯ ಚರಿತ್ರೆಯೊಳಗೆ ಅದಕ್ಕೆ ಜಾಗವಿಲ್ಲ.

ಹಾಗಾದರೆ ಕೋಲಾರದ ಪಾಲು ಇಲ್ಲವೇ? ಇದೆ, ಮತ್ತು ಅದನ್ನು ಸರಿಯಾದ ಕಡೆ ತೋರಿಸಬೇಕೆಂಬುದೇ ನನ್ನ ಆಗ್ರಹ. 1958ರಿಂದ ಗಣಿಯ ಚಿನ್ನವನ್ನು ಕೇಂದ್ರ ಸರ್ಕಾರ ಕೊಂಡದ್ದು ಅದೇ 62.50 ರೂಪಾಯಿ ದರದಲ್ಲಿ. ಪೇಟೆಯಲ್ಲಿ ತೊಲದ ಬೆಲೆ ಆಗ ನೂರು ರೂಪಾಯಿ ದಾಟಿತ್ತು. ಬ್ಯಾಂಕಿನ ಪುಸ್ತಕದ ಬೆಲೆಯೇ ಗಣಿಗೂ ಬೆಲೆಯಾಯಿತು. ಚಾಂಪಿಯನ್ ರೀಫಿನಲ್ಲಿ ನೆಲದಡಿ ಮೂರು ಕಿಲೋಮೀಟರ್ ಇಳಿದು, ಬಂಡೆಯೇ ಸುಡುವ ಬಿಸಿಯಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ತೆಗೆದ ಅದಿರಿಗೆ ಸಿಕ್ಕ ಬೆಲೆ ಅದು. ಇಷ್ಟರ ನಂತರವೂ ಅದನ್ನು ನಷ್ಟದ ಗಣಿ ಎಂದು ಕರೆಯುವ ಬರಹಗಳು ಯಾವ ಬೆಲೆಯಲ್ಲಿ ನಷ್ಟ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು. 1956ರಲ್ಲಿ ಇಲ್ಲದ ಕೀರ್ತಿಯನ್ನು ಕೋಲಾರಕ್ಕೆ ಕಟ್ಟುವವರು ಈ ನಿಜವಾದ ತ್ಯಾಗದ ಲೆಕ್ಕ ಕೇಳುವುದನ್ನು ಮರೆಸುತ್ತಿದ್ದಾರೆ.

ಬೆಲೆ ಬದಲಾಗದೆ ಮೀಸಲಿನ ಮೊತ್ತ ಏರಿದ್ದು 1965ರಲ್ಲಿ: 117.76 ಕೋಟಿ ಇದ್ದದ್ದು 133.76 ಆಯಿತು. ಈ 16 ಕೋಟಿ ಎಂದರೆ ಸುಮಾರು 30 ಟನ್, ತೂಕದಲ್ಲೇ ಆದ ಏರಿಕೆ. ಮರುವರ್ಷ ಹಣಕಾಸು ನಿಧಿಯಲ್ಲಿ ಭಾರತದ ಪಾಲು ಹೆಚ್ಚಿದಾಗ ಅಷ್ಟೇ ಚಿನ್ನ, ತುಸು ಹೆಚ್ಚೇ, ಹೊರಹೋಗಿ 115.89 ಉಳಿಯಿತು. 1969ರಲ್ಲಿ ಅದು 182.53 ಆದದ್ದು ಮತ್ತೆ ದರದ ಬದಲಾವಣೆಯಿಂದ, 10 ಗ್ರಾಮಿಗೆ 53.58 ಇದ್ದದ್ದು 84.39 ಆದದ್ದರಿಂದ. 1990ರ ಅಕ್ಟೋಬರಿನ ಏರಿಕೆಯೂ ಅಂಥದ್ದೇ; ಆಗ ಜಾಗತಿಕ ಪೇಟೆಗೆ ಹತ್ತಿರದ ಬೆಲೆ ಕಟ್ಟಲಾಯಿತು. ಗಣಿಯಿಂದ ಮೀಸಲಿಗೆ ಹೋದ ಚಿನ್ನವನ್ನು ಹುಡುಕುವವರು 1958 ಮತ್ತು 1965ರ ನಡುವಿನ ವಹಿಗಳನ್ನು ತೆರೆಯಲಿ. 1962ರ ಚಿನ್ನದ ಬಾಂಡುಗಳ ಮೂಲಕ ಜನ ಕೊಟ್ಟ ಒಡವೆಯ ತೂಕವನ್ನು ಬೇರೆ ಇಟ್ಟು, ರೂಪಾಯಿಯ ಮನೆಯನ್ನು ಬಿಟ್ಟು, ಗ್ರಾಮಿನಲ್ಲೇ ಎಣಿಸಲಿ.