ಸೇತುವೆಯ ಮೇಲಿನ ದರ

1982ರ ಕೊನೆಯಲ್ಲಿ ವೆನೆಜುವೆಲಾದ ಒಂದು ಬೊಲಿವಾರ್ ಕೊಟ್ಟರೆ ಪಕ್ಕದ ಕೊಲಂಬಿಯಾದ ಸುಮಾರು 16 ಪೆಸೊ ಸಿಗುತ್ತಿತ್ತು. 1999ರ ಕೊನೆಗೆ ಅದೇ ಬೊಲಿವಾರ್‌ಗೆ ಪೂರ್ತಿ ಮೂರು ಪೆಸೊ ಕೂಡ ಹುಟ್ಟುತ್ತಿರಲಿಲ್ಲ. ಆಮೇಲಿನ ಲೆಕ್ಕ ಹೇಳುವುದು ಕಷ್ಟ. ಯಾಕೆಂದರೆ ವೆನೆಜುವೆಲಾ ತನ್ನ ಹಣದಿಂದ 2008ರಲ್ಲಿ ಮೂರು ಸೊನ್ನೆ, 2018ರಲ್ಲಿ ಐದು, 2021ರಲ್ಲಿ ಆರು ಸೊನ್ನೆ ಅಳಿಸಿತು. ಒಟ್ಟು ಹದಿನಾಲ್ಕು ಸೊನ್ನೆ.

ಈ ಕುಸಿತವನ್ನು ರಾಜಧಾನಿ ಕರಾಕಸ್‌ನ ಕೇಂದ್ರ ಬ್ಯಾಂಕಿನ ಅಂಕಿಗಳಲ್ಲಿ ಹುಡುಕಿದರೆ ಅರ್ಧವಷ್ಟೇ ಸಿಗುತ್ತದೆ. ಪೂರ್ತಿ ನೋಡಬೇಕೆಂದರೆ ಕೊಲಂಬಿಯಾದ ಗಡಿಯೂರು ಕೂಕುತಾಕ್ಕೆ ಹೋಗಬೇಕು. (ನಮ್ಮ ಕುಕ್ಕುಟಕ್ಕೂ ಇದಕ್ಕೂ ಸಂಬಂಧವಿಲ್ಲ.) ಊರಂಚಿನಲ್ಲಿ ತಾಚಿರಾ ಎಂಬ ಸಣ್ಣ ನದಿ, ಆಚೆ ದಡದಲ್ಲಿ ವೆನೆಜುವೆಲಾದ ಸಾನ್ ಆಂತೊನಿಯೊ, ನಡುವೆ ಸುಮಾರು ಮುನ್ನೂರು ಮೀಟರ್ ಉದ್ದದ ಸಿಮೋನ್ ಬೊಲಿವಾರ್ ಸೇತುವೆ. ಈ ಸೇತುವೆಯ ಕೊಲಂಬಿಯಾ ಬದಿಯಲ್ಲಿರುವ ವಿಯಾ ದೆಲ್ ರೊಸಾರಿಯೊದಲ್ಲೇ 1821ರಲ್ಲಿ ಪ್ರತಿನಿಧಿಗಳು ಸೇರಿ ಇಂದಿನ ವೆನೆಜುವೆಲಾ, ಕೊಲಂಬಿಯಾಗಳನ್ನು ಒಂದೇ ರಾಷ್ಟ್ರವಾಗಿಸಿದ ಸಂವಿಧಾನ ಬರೆದರು. ಆ ಒಕ್ಕೂಟ ಹತ್ತು ವರ್ಷ ಬಾಳಲಿಲ್ಲ. 1879ರಲ್ಲಿ ವೆನೆಜುವೆಲಾ ತನ್ನ ನಾಣ್ಯಕ್ಕೆ ಆ ಒಕ್ಕೂಟದ ನಾಯಕ ಬೊಲಿವಾರ್‌ನ ಹೆಸರನ್ನೇ ಇಟ್ಟಿತು.

1970ರ ದಶಕ ಎಣ್ಣೆಯ ಸುಗ್ಗಿ. ಒಂದು ಡಾಲರ್‌ಗೆ 4.30 ಬೊಲಿವಾರ್ ಎಂಬ ದರ ಕಲ್ಲಿನಲ್ಲಿ ಕೆತ್ತಿದಂತೆ ನಿಂತಿತ್ತು. ಕೊಲಂಬಿಯಾದ ಪೆಸೊ ಮಾತ್ರ ವರ್ಷವರ್ಷವೂ ಇಳಿಯುತ್ತಿತ್ತು. ಹೀಗಾಗಿ ಕೊಲಂಬಿಯಾದ ಬಡವರು ಗದ್ದೆ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಪೂರ್ವಕ್ಕೆ ನಡೆದರು. ಅಲ್ಲಿ ದುಡಿದ ಬೊಲಿವಾರ್ ಊರಿಗೆ ಕಳುಹಿಸಿದರೆ ಪೆಸೊಗಳ ಕಂತೆಯಾಗುತ್ತಿತ್ತು. ವೆನೆಜುವೆಲಾದವರು ವಾರಾಂತ್ಯಕ್ಕೆ ಪಶ್ಚಿಮಕ್ಕೆ ಬಂದು ಕೂಕುತಾದ ಅಂಗಡಿಗಳಲ್ಲಿ ಬಟ್ಟೆ, ಚಪ್ಪಲಿ ತುಂಬಿಕೊಂಡು ಹೋಗುತ್ತಿದ್ದರು. ಒಂದು ಊರಿಗೆ ಊರೇ ನೆರೆಯವರ ನಾಣ್ಯದ ಬಲದ ಮೇಲೆ ನಿಂತಿತ್ತು.

1983ರ ಫೆಬ್ರವರಿ 18ರ ಶುಕ್ರವಾರ ಅದು ಮುರಿಯಿತು. ಎಣ್ಣೆಯ ಬೆಲೆ ಇಳಿದಿತ್ತು, ಸಾಲ ಏರಿತ್ತು, ಶ್ರೀಮಂತರ ಡಾಲರ್‌ಗಳು ಹೊರದೇಶಕ್ಕೆ ಹಾರುತ್ತಿದ್ದವು. ಸರಕಾರ 4.30ರ ದರ ಬಿಟ್ಟು ಒಂದಕ್ಕಿಂತ ಹೆಚ್ಚು ದರಗಳನ್ನು ಜಾರಿಗೆ ತಂದಿತು. ವೆನೆಜುವೆಲಾದಲ್ಲಿ ಆ ದಿನಕ್ಕೆ ಇಂದಿಗೂ ಕರಿ ಶುಕ್ರವಾರ ಎಂದೇ ಹೆಸರು. ಆದರೆ ಅದರ ಏಟು ಮೊದಲು ಬಿದ್ದದ್ದು ಹೊಳೆಯಾಚೆಯ ಕೂಕುತಾಕ್ಕೆ. ಗಿರಾಕಿಗಳು ಬರಲಿಲ್ಲ, ಅಂಗಡಿಗಳು ಬಾಗಿಲು ಹಾಕಿದವು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮುಂದಿನ ಕಥೆ. 2003ರಲ್ಲಿ ಹ್ಯೂಗೊ ಚಾವೆಸ್ ಸರಕಾರ ವಿದೇಶಿ ವಿನಿಮಯವನ್ನು ಪೂರ್ತಿ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಅಧಿಕೃತ ದರದ ಡಾಲರ್ ಅನುಮತಿ ಇದ್ದವರಿಗೆ ಮಾತ್ರ. ಉಳಿದವರಿಗೆ ಕಾಳಸಂತೆ. ಆ ಸಂತೆಯ ದರ ಯಾರಿಗೆ ಗೊತ್ತು? ಕೂಕುತಾದಲ್ಲಿ ಹಣ ಬದಲಿಸುವ ಅಂಗಡಿಯವರಿಗೆ, ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಚಿನಿವಾರರಿಗೆ. ಅಲ್ಲಿ ಬೊಲಿವಾರ್‌ಗೆ ಎಷ್ಟು ಪೆಸೊ ಎಂಬುದನ್ನು ನೋಡಿ, ಪೆಸೊಗೆ ಎಷ್ಟು ಡಾಲರ್ ಎಂದು ಗುಣಿಸಿದರೆ ಬೊಲಿವಾರ್‌ನ ನಿಜವಾದ ಬೆಲೆ ಬರುತ್ತಿತ್ತು. ಡಾಲರ್‌ಟುಡೇ ಎಂಬ ಜಾಲತಾಣ ದಿನವೂ ಇದನ್ನೇ ಪ್ರಕಟಿಸುತ್ತಿತ್ತು. ಕರಾಕಸ್‌ನ ವ್ಯಾಪಾರಿ ಬೆಳಿಗ್ಗೆ ಅದನ್ನು ನೋಡಿ ಸರಕಿಗೆ ಬೆಲೆ ಹಾಕುತ್ತಿದ್ದ. 2015ರ ಅಕ್ಟೋಬರ್‌ನಲ್ಲಿ ವೆನೆಜುವೆಲಾದ ಕೇಂದ್ರ ಬ್ಯಾಂಕ್ ಈ ತಾಣದ ಮೇಲೆ ಅಮೆರಿಕದ ಡೆಲವೇರ್‌ನಲ್ಲಿ ದಾವೆ ಹೂಡಿತು. ಒಂದು ದೇಶದ ಕೇಂದ್ರ ಬ್ಯಾಂಕ್ ಒಂದು ಜಾಲತಾಣದ ವಿರುದ್ಧ!

ಸರಕಾರದ ದೂರು ಪೂರ್ತಿ ಸುಳ್ಳೂ ಅಲ್ಲ. ಅಷ್ಟು ಸಣ್ಣ ಸಂತೆಯ ದರವನ್ನು ಬೇಕಾದವರು ಜಗ್ಗಬಹುದು. ಆದರೆ ಆ ಅಂತರ ನೋಡಿ. 2015ರ ಆಗಸ್ಟ್‌ನಲ್ಲಿ ಡಾಲರ್‌ನ ಅಧಿಕೃತ ದರ 6.30 ಬೊಲಿವಾರ್, ಕೂಕುತಾ ಲೆಕ್ಕದಲ್ಲಿ ಸುಮಾರು 700. ಅಂದರೆ ಕಾಗದದ ಮೇಲೆ ಒಂದು ಬೊಲಿವಾರ್‌ಗೆ ಐನೂರರ ಹತ್ತಿರ ಪೆಸೊ, ಬೀದಿಯಲ್ಲಿ ನಾಲ್ಕೈದು. ಯಾವ ಪಿತೂರಿಯೂ ನೂರು ಪಟ್ಟು ಅಂತರವನ್ನು ವರ್ಷಗಟ್ಟಲೆ ಹೊತ್ತು ನಿಲ್ಲಲಾರದು. ಆಗ ವೆನೆಜುವೆಲಾದಲ್ಲಿ ಪೆಟ್ರೋಲ್ ಲೀಟರ್‌ಗೆ 0.097 ಬೊಲಿವಾರ್. ನಲವತ್ತು ಲೀಟರ್ ಟ್ಯಾಂಕ್ ತುಂಬಿಸಲು ನಾಲ್ಕು ಬೊಲಿವಾರ್ ಸಾಕು. ಬೀದಿ ದರದಲ್ಲಿ ಅದು ಒಂದು ಅಮೆರಿಕನ್ ಸೆಂಟ್ ಕೂಡ ಅಲ್ಲ. ಆ ಪೆಟ್ರೋಲ್ ಕ್ಯಾನುಗಳಲ್ಲಿ ಹೊಳೆ ದಾಟಿ ಕೂಕುತಾದ ರಸ್ತೆ ಬದಿಯಲ್ಲಿ ಮಾರಾಟವಾಗುತ್ತಿದ್ದರೆ ಆಶ್ಚರ್ಯವೇನು?

ಅದೇ ಆಗಸ್ಟ್‌ನಲ್ಲಿ ನಿಕೊಲಾಸ್ ಮದುರೊ ಗಡಿ ಮುಚ್ಚಿದರು. ಸಾವಿರಕ್ಕೂ ಹೆಚ್ಚು ಕೊಲಂಬಿಯನ್ನರನ್ನು ಹೊರಹಾಕಲಾಯಿತು, ಇನ್ನೂ ಸಾವಿರಾರು ಜನ ಹೆದರಿ ತಾವೇ ಹೊರಟರು. ಮೊಣಕಾಲುದ್ದ ನೀರಿನಲ್ಲಿ ಹಾಸಿಗೆ, ಫ್ರಿಜ್ ಬೆನ್ನ ಮೇಲೆ ಹೊತ್ತು ದಾಟಿದರು. ದಶಕಗಳ ಹಿಂದೆ ಬಲವಾದ ನಾಣ್ಯ ಹುಡುಕಿ ಹೋದ ಕುಟುಂಬಗಳವರೂ ಅವರಲ್ಲಿದ್ದರು. ಮರುವರ್ಷ ಜುಲೈನಲ್ಲಿ ಸುಮಾರು ಐನೂರು ಹೆಂಗಸರು ಕಾವಲು ದಾಟಿ, ಹಿಟ್ಟು, ಎಣ್ಣೆ ಕೊಳ್ಳಲು ಕೂಕುತಾಕ್ಕೆ ನುಗ್ಗಿದರು. ಕೆಲವೇ ದಿನಗಳಲ್ಲಿ ಗಡಿಯನ್ನು ಹನ್ನೆರಡು ಗಂಟೆ ತೆರೆದಾಗ ಸುಮಾರು 35,000 ಜನ ದಾಟಿದರು.

2016ರ ನವೆಂಬರ್ 8ರ ರಾತ್ರಿ ನಾವೆಲ್ಲ ಎಲ್ಲಿದ್ದೆವು ಎಂಬುದು ನಮಗೆ ನೆನಪಿದೆ. ಸುಮಾರು ಒಂದು ತಿಂಗಳ ನಂತರ, ಡಿಸೆಂಬರ್ 11ರಂದು, ಮದುರೊ ತಮ್ಮ ದೇಶದ ಅತಿ ದೊಡ್ಡ ನೋಟಾದ ನೂರು ಬೊಲಿವಾರ್ 72 ಗಂಟೆಗಳಲ್ಲಿ ರದ್ದು ಎಂದು ಘೋಷಿಸಿದರು. ಕಾರಣವಾಗಿ ಹೇಳಿದ್ದು ಗಡಿಯಾಚೆ ನೋಟು ಕೂಡಿಟ್ಟ ಮಾಫಿಯಾ. ಆ ನೋಟಿನ ಬೀದಿ ಬೆಲೆ ಆಗ ಎರಡು ಮೂರು ಸೆಂಟ್. ಬದಲಿ ನೋಟು ಸಮಯಕ್ಕೆ ಬರಲಿಲ್ಲ, ಅಂಗಡಿಗಳು ಲೂಟಿಯಾದವು, ಗಡುವನ್ನು ಮುಂದೂಡಬೇಕಾಯಿತು.

ಅಲ್ಲಿಂದ ಮುಂದೆ ಸೇತುವೆಯ ಮೇಲಿನ ನಡಿಗೆ ಪೂರ್ತಿ ತಿರುಗಿತು. 2018ರ ಕೊನೆಗೆ ಕೊಲಂಬಿಯಾದಲ್ಲಿ ನೆಲೆಸಿದ ವೆನೆಜುವೆಲಾದವರು ಹತ್ತು ಲಕ್ಷ ದಾಟಿದ್ದರು, 2022ರಲ್ಲಿ ಸುಮಾರು 25 ಲಕ್ಷ. ಅವರಲ್ಲಿ ಕೆಲವರು ತಮ್ಮ ಹಣವನ್ನೂ ಹೊತ್ತು ತಂದರು, ಖರ್ಚಿಗಲ್ಲ. ಬೊಲಿವಾರ್ ನೋಟುಗಳನ್ನು ಮಡಚಿ ಹೆಣೆದು ಕೈಚೀಲ, ಪರ್ಸು ಮಾಡಿ ಕೂಕುತಾದ ಬೀದಿಯಲ್ಲಿ ಮಾರಿದರು. ಒಂದು ಚೀಲಕ್ಕೆ ನೂರಾರು ನೋಟು ಬೇಕು. ಚೀಲಕ್ಕೆ ಸಿಗುತ್ತಿದ್ದ ಪೆಸೊ ಆ ನೋಟುಗಳ ಬೆಲೆಗಿಂತ ಎಷ್ಟೋ ಹೆಚ್ಚು.

2022ರ ಸೆಪ್ಟೆಂಬರ್ 26ರಂದು ಸರಕು ಲಾರಿಗಳಿಗೆ ಸೇತುವೆ ಮತ್ತೆ ತೆರೆಯಿತು. ಅಷ್ಟರಲ್ಲಿ ಸಾನ್ ಆಂತೊನಿಯೊದ ಅಂಗಡಿಗಳಲ್ಲಿ ಬೆಲೆ ಹೇಳುವುದು, ಚಿಲ್ಲರೆ ಕೊಡುವುದು ಎಲ್ಲ ಕೊಲಂಬಿಯಾದ ಪೆಸೊದಲ್ಲಿ ನಡೆಯುತ್ತಿತ್ತು.